ಜಮೆ ಬೇಕೋ, ರಾಜಿ ಸಾಕೋ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಘೋಣಸಗಿ ಮತ್ತು ಸುತ್ತಲಿನ ಊರುಗಳಲ್ಲಿ ದ್ರಾಕ್ಷಿಯನ್ನು ನಂಬಿ ಬದುಕುವವರು ಮೂರು ಬಗೆಯವರು: ಬೆಳೆದು ಒಣಗಿಸುವ ರೈತ, ಅವನಿಗೆ ಗೊಬ್ಬರ, ಔಷಧಿ, ಹನಿ ನೀರಾವರಿ ಸಾಮಗ್ರಿ ಮಾರುವ ಅಂಗಡಿಕಾರ ಮತ್ತು ಒಣದ್ರಾಕ್ಷಿಯನ್ನು ಕೊಂಡು ಹೊರಗಿನ ಪೇಟೆಗೆ ಸಾಗಿಸುವ ವ್ಯಾಪಾರಿ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದಾಗಿನಿಂದ ಈ ಮೂವರೂ ಬೇರೆ ಬೇರೆ ಲೆಕ್ಕಕ್ಕೆ ಒಳಪಟ್ಟಿದ್ದಾರೆ.

ವ್ಯಾಪಾರಿ ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ಅದೇ ಸರಕನ್ನು ಮಾರುವಾಗ ಗಿರಾಕಿಯಿಂದ ಪಡೆದ ತೆರಿಗೆಯಲ್ಲಿ ಕಳೆದು, ಉಳಿದದ್ದನ್ನು ಮಾತ್ರ ಸರ್ಕಾರಕ್ಕೆ ಕಟ್ಟುವ ಹಕ್ಕಿಗೆ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಇದಕ್ಕೆ ಪರ್ಯಾಯವಾಗಿರುವ ರಾಜಿ ತೆರಿಗೆ ಪದ್ಧತಿಯು ಸರಕಿನ ವಹಿವಾಟು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಮೀರದವರಿಗೆ ದೊರೆಯುತ್ತದೆ. ಇದನ್ನು ಆಯ್ದುಕೊಂಡ ವರ್ತಕ ತೆರಿಗೆಗೊಳಪಡುವ ಮಾರಾಟದ ಮೇಲೆ ಶೇ 1ರಷ್ಟನ್ನು ತನ್ನ ಕೈಯಿಂದಲೇ ಕಟ್ಟುತ್ತಾನೆ. ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಜಮೆಯನ್ನೂ ಕೇಳುವಂತಿಲ್ಲ. ಸರಕಿನ ವಹಿವಾಟು 40 ಲಕ್ಷ ರೂಪಾಯಿ ದಾಟದ, ರಾಜ್ಯದೊಳಗೇ ಮಾರುವ ವರ್ತಕನಿಗೆ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ.

ರೈತನ ಮಟ್ಟಿಗೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಸ್ವಂತ ಬೆಳೆಯನ್ನು ಮಾರುವ ಕೃಷಿಕನಿಗೆ ನೋಂದಣಿಯಿಂದ ವಿನಾಯಿತಿ ಇದ್ದು, ಆತ ಒಣಗಿಸಿ ಮಾರುವ ದ್ರಾಕ್ಷಿಯೂ ತೆರಿಗೆಯ ಹೊರಗಿದೆ ಎಂಬುದನ್ನು 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ ಸ್ಪಷ್ಟಪಡಿಸಿತು. ನೋಂದಣಿ ಇಲ್ಲದ್ದರಿಂದ ಜಮೆಯೂ ಇಲ್ಲ. ಔಷಧಿಯ ಮೇಲೆ ಕೊಟ್ಟ ಶೇ 18ರ ತೆರಿಗೆ ಪೂರ್ತಿಯಾಗಿ ಅವನ ಖರ್ಚಿಗೇ ಸೇರುತ್ತದೆ.

ನಿಜವಾದ ಗೊಂದಲ ಇರುವುದು ಅಂಗಡಿಕಾರನಿಗೆ. ಅವನ ಗಿರಾಕಿಗಳಾದ ರೈತರಿಗೆ ಜಮೆಯ ಹಂಗಿಲ್ಲ, ಒಟ್ಟು ದರವಷ್ಟೇ ಮುಖ್ಯ. ಆದ್ದರಿಂದ ರಾಜಿ ಪದ್ಧತಿಯೇ ಅವನಿಗೆ ಒಪ್ಪುತ್ತದೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಔಷಧಿಯ ಮಟ್ಟಿಗೆ ಇದು ಸರಿಯೇ. 100 ರೂಪಾಯಿ ಮೂಲಬೆಲೆಯ ಔಷಧಿಯನ್ನು ತೆರಿಗೆ ಸೇರಿ 118ಕ್ಕೆ ಕೊಂಡು 129.80ಕ್ಕೆ ಮಾರಿದರೆ, ಜಮೆ ಪಡೆಯುವವನಿಗೆ 10 ರೂಪಾಯಿ ಉಳಿಯುತ್ತದೆ, ರಾಜಿಯವನಿಗೆ ಶೇ 1 ಕಟ್ಟಿದ ಮೇಲೂ ಸುಮಾರು 10.50 ಉಳಿಯುತ್ತದೆ. ಗೊಬ್ಬರದ ಲೆಕ್ಕ ಇದಕ್ಕೆ ತಿರುವುಮುರುವು: ಶೇ 5ರ ತೆರಿಗೆಯ ಗೊಬ್ಬರವನ್ನು 105ಕ್ಕೆ ಕೊಂಡು 110.25ಕ್ಕೆ ಮಾರಿದಾಗ ಜಮೆಯವನಿಗೆ 5 ರೂಪಾಯಿ ದಕ್ಕಿದರೆ ರಾಜಿಯವನಿಗೆ ದಕ್ಕುವುದು 4.15 ಮಾತ್ರ. ರೈತ ಕೊಡುವ ದರ ಎರಡೂ ಕಡೆ ಒಂದೇ ಎಂದು ಹಿಡಿದರೆ, ಶೇ 18ರ ಸರಕಿನಲ್ಲಿ ಲಾಭಾಂಶವು ಮೂಲಬೆಲೆಯ ಶೇ 7ನ್ನು ದಾಟಿದಾಗ ರಾಜಿ ಗೆಲ್ಲುತ್ತದೆ; ಶೇ 5ರ ಸರಕಿನಲ್ಲಿ ಅದು ಗೆಲ್ಲಲು ಲಾಭಾಂಶ ಶೇ 26ಕ್ಕಿಂತ ಹೆಚ್ಚಿರಬೇಕು, ಗೊಬ್ಬರದ ವ್ಯಾಪಾರದಲ್ಲಿ ಅದು ಕನಸಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಹನಿ ನೀರಾವರಿ ಸಾಮಗ್ರಿಯ ತೆರಿಗೆ ಶೇ 12ರಿಂದ 5ಕ್ಕೆ ಇಳಿದದ್ದು ರೈತನಿಗೆ ಹಿತವಾದರೂ, ಅಲ್ಲಿಯವರೆಗೆ ಶೇ 10ರ ಆಸುಪಾಸಿನ ಲಾಭಾಂಶಕ್ಕೇ ಸರಿದೂಗುತ್ತಿದ್ದ ರಾಜಿ ಪದ್ಧತಿ ಆ ಸರಕಿನಲ್ಲಿ ತನ್ನ ಆಕರ್ಷಣೆಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಹಳೆಯ ಲೆಕ್ಕವನ್ನೇ ನೆಚ್ಚಿ ಕುಳಿತವರು ಇದನ್ನು ಗಮನಿಸಬೇಕು.

ಒಣದ್ರಾಕ್ಷಿ ವ್ಯಾಪಾರಿಯ ಪ್ರಶ್ನೆ ದರದ್ದಲ್ಲ, ಗಡಿಯದು. ರಾಜಿ ಪದ್ಧತಿಯಲ್ಲಿರುವವನು ಹೊರರಾಜ್ಯದಿಂದ ಸರಕು ತರಿಸಬಹುದೇ ಹೊರತು ಹೊರರಾಜ್ಯಕ್ಕೆ ಮಾರುವಂತಿಲ್ಲ. ತಿಕೋಟಾ ಭಾಗಕ್ಕೆ ಹತ್ತಿರದ ದೊಡ್ಡ ಒಣದ್ರಾಕ್ಷಿ ಪೇಟೆಗಳಾದ ಸಾಂಗ್ಲಿ, ತಾಸಗಾಂವ ಇರುವುದು ಮಹಾರಾಷ್ಟ್ರದಲ್ಲಿ. ರೈತನಿಂದ ತೆರಿಗೆಯಿಲ್ಲದೆ ಕೊಳ್ಳುವುದರಿಂದ ವ್ಯಾಪಾರಿಗೆ ದೊರೆಯುವ ಜಮೆ ಪೆಟ್ಟಿಗೆ, ಸಾಗಣೆಯಂಥ ಬಾಬುಗಳಷ್ಟೇ ಆಗಿದ್ದರೂ, ಅವನು ಹಾಕುವ ಶೇ 5ರ ಬಿಲ್ಲು ಅಲ್ಲಿನ ನೋಂದಾಯಿತ ಖರೀದಿದಾರನಿಗೆ ಜಮೆಯಾಗುತ್ತದೆ. ತನಗೆ ಸಿಗುವ ಜಮೆಗಿಂತ ತನ್ನ ಬಿಲ್ಲಿನಿಂದ ಇನ್ನೊಬ್ಬನಿಗೆ ಸಿಗುವ ಜಮೆ ಇಲ್ಲಿ ಹೆಚ್ಚು ತೂಕದ್ದು. ಇನ್ನೊಂದು ತೊಡಕೂ ಇದೆ. ಒಂದೇ ಪ್ಯಾನ್ ಸಂಖ್ಯೆಯಡಿ ಇರುವ ಎಲ್ಲ ವ್ಯವಹಾರಗಳೂ ಒಂದೇ ಪದ್ಧತಿಗೆ ಒಳಪಡುವುದರಿಂದ, ಗೊಬ್ಬರದ ಅಂಗಡಿಯನ್ನೂ ಒಣದ್ರಾಕ್ಷಿ ವ್ಯಾಪಾರವನ್ನೂ ಒಬ್ಬನೇ ನಡೆಸುತ್ತಿದ್ದರೆ, ಸಾಂಗ್ಲಿಗೆ ಹೋದ ಒಂದು ಲೋಡು ಅಂಗಡಿಯನ್ನೂ ರಾಜಿಯಿಂದ ಹೊರಗಿಡುತ್ತದೆ.

ಜಮೆಗೂ ಬೆಲೆಯಿದೆ. ಸರಬರಾಜುದಾರ ತನ್ನ ವಿವರಪಟ್ಟಿ ಸಲ್ಲಿಸದಿದ್ದರೆ ಕೊಂಡವನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ಲು ಕಾಣಿಸುವುದಿಲ್ಲ, ಕಾಣದ ಬಿಲ್ಲಿಗೆ ಜಮೆಯಿಲ್ಲ. 180 ದಿನಗಳೊಳಗೆ ಸರಬರಾಜುದಾರನಿಗೆ ಹಣ ಸಲ್ಲಿಸದಿದ್ದರೆ ಪಡೆದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಸುಗ್ಗಿಯ ಮೇಲೆ ಉದ್ರಿ ತೀರುವ ಊರಿನಲ್ಲಿ ಈ ಎರಡನೆಯ ನಿಯಮ ಸಣ್ಣದಲ್ಲ. ಲೆಕ್ಕವನ್ನೇ ಇಡದೆ ಕೂರುವುದಂತೂ ಇನ್ನು ಸಾಧ್ಯವಿಲ್ಲ: 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಮೊತ್ತವನ್ನು ಆಧರಿಸಿ ನೋಂದಣಿಯಿಲ್ಲದ ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿ, ಅದು ಪ್ರತಿಭಟನೆಗೆ ಎಡೆಮಾಡಿದ್ದು ಇದನ್ನು ತೋರಿಸಿಕೊಟ್ಟಿದೆ.

ಜಮೆಯಿಂದ ರಾಜಿಗೆ ಬರುವವನು ದಾಸ್ತಾನಿನ ಮೇಲೆ ಪಡೆದ ಜಮೆಯನ್ನು ಮರಳಿಸಬೇಕಾಗುತ್ತದೆ. ರಾಜಿಯಿಂದ ಜಮೆಗೆ ಹೋಗುವವನು ಕೈಯಲ್ಲಿರುವ ದಾಸ್ತಾನಿನ ತೆರಿಗೆಯನ್ನು ಪಡೆಯಬಹುದು, ಆದರೆ ಅದಕ್ಕೆ 30 ದಿನಗಳೊಳಗೆ ಐಟಿಸಿ-01 ನಮೂನೆ ಸಲ್ಲಿಸಬೇಕು. ಮುಂದಿನ ಹಣಕಾಸು ವರ್ಷದಿಂದ ಜಮೆ ಬಿಟ್ಟು ರಾಜಿ ಪದ್ಧತಿಗೆ ಬರಬೇಕೆನ್ನುವ ನೋಂದಾಯಿತ ವರ್ತಕರು ಮಾರ್ಚ್ 31ರೊಳಗೆ ಜಿಎಸ್‌ಟಿ ಜಾಲತಾಣದಲ್ಲಿ ಸಿಎಂಪಿ-02 ನಮೂನೆ ಸಲ್ಲಿಸುವುದು ಕಡ್ಡಾಯ.