ನಿಮಗಿದು ಗೊತ್ತೇ? ಗೊಂಬೆಯ ಕಣ್ಣು, ನಮ್ಮ ಕಣ್ಣು

ಮನುಷ್ಯನಿಗೆ ಕೃತಕ ಕಣ್ಣು ಮಾಡಿಕೊಟ್ಟವರಲ್ಲಿ ಗೊಂಬೆಗೆ ಕಣ್ಣು ಮಾಡುತ್ತಿದ್ದವರೂ ಇದ್ದರು! ಜರ್ಮನಿಯ ಲೌಷಾ ಊರಿನ ಗಾಜುಗಾರ ಲುಡ್ವಿಗ್ ಮ್ಯುಲ್ಲರ್-ಉರಿ ಗೊಂಬೆಗಳಿಗೆ ಗಾಜಿನ ಕಣ್ಣು ಊದುತ್ತಿದ್ದ. 1835ರಲ್ಲಿ ಅದೇ ಕೈ ಕಣ್ಣು ಕಳೆದುಕೊಂಡವರಿಗಾಗಿ ಕೆಲಸ ಶುರುಮಾಡಿತು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜಿನ ಕಣ್ಣು ಅಮೆರಿಕಕ್ಕೆ ಬರುವುದು ನಿಂತಿತು. ಆಗ ಅಲ್ಲಿನ ಸೈನ್ಯದ ದಂತ ವಿಭಾಗದವರು, ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್‌ನಿಂದಲೇ ಗಾಯಾಳುಗಳಿಗೆ ಕಣ್ಣು ಮಾಡಿದರು. ಗೊಂಬೆಯಿಂದ ಮನುಷ್ಯನಿಗೆ ಬಂದ ವಿದ್ಯೆ ಹೊಸ ವಸ್ತುವಿನ ಜೊತೆ ಮತ್ತೆ ಗೊಂಬೆಗೆ ಮರಳಿದೆ.

ಪೊರೆ ತೆಗೆಸಿಕೊಂಡ ಅಜ್ಜಿಯ ಕಣ್ಣೊಳಗಿನ ಮಸೂರವೂ ಬಹುಮಟ್ಟಿಗೆ ಇದೇ ಅಕ್ರಿಲಿಕ್ ವಂಶದ್ದು. ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಮೊದಲ ಅಕ್ರಿಲಿಕ್ ಮಸೂರವನ್ನು ಕೂಡಿಸಿದ್ದು 1949ರ ನವೆಂಬರ್ 29ರಂದು. ಯುದ್ಧವಿಮಾನದ ಮುಚ್ಚಳದ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದು ರಿಡ್ಲಿಯವರ ಗಮನಕ್ಕೆ ಬಂದಿತ್ತು.

ಮತ್ತೆ ಗೊಂಬೆಗೆ ಬರೋಣ. ಗುಂಡುಕೀಲುಗಳ ಒಳಗೆ ಎಲಾಸ್ಟಿಕ್ ದಾರ ಪೋಣಿಸಿದ ಸಂಗ್ರಹದ ಗೊಂಬೆಗಳು, ಅಂದರೆ ಬಾಲ್ ಜಾಯಿಂಟೆಡ್ ಡಾಲ್‌ಗಳು, ಇಂದಿನ ರೂಪದಲ್ಲಿ ಜನಪ್ರಿಯವಾದದ್ದು 1999ರಲ್ಲಿ ಜಪಾನಿನ ವೋಕ್ಸ್ ಕಂಪನಿಯ ಸೂಪರ್ ಡಾಲ್ಫಿಯಿಂದ. ಇವುಗಳ ತಲೆಯ ಹಿಂಭಾಗ ಮುಚ್ಚಳದಂತೆ ತೆರೆಯುತ್ತದೆ. ಅಕ್ರಿಲಿಕ್ ಕಣ್ಣನ್ನು ಒಳಗಿನಿಂದ ಮೇಣದಂಥ ಪುಟ್ಟಿಯಲ್ಲಿ ಕೂರಿಸುತ್ತಾರೆ. ಬೇಸರವಾದರೆ ಬದಲಿಸಬಹುದು!

ಕಣ್ಣು ಆರಿಸುವಾಗ ಹೆಚ್ಚಿನವರು ಬಣ್ಣ ನೋಡುತ್ತಾರೆ. ಮೊದಲು ನೋಡಬೇಕಾದ್ದು ಅಳತೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿ.ಮೀ., ಬಣ್ಣದ ವರ್ತುಲ ಸುಮಾರು 12, ಅಂದರೆ ಅರ್ಧ. ಹುಟ್ಟಿದ ಕೂಸಿಗೆ ಗುಡ್ಡೆ ಸುಮಾರು 17, ವರ್ತುಲ ಸುಮಾರು 10, ಅರ್ಧಕ್ಕಿಂತ ಹೆಚ್ಚು. ಮಗುವಿನ ನೋಟ ಅಷ್ಟು ತುಂಬಿಕೊಂಡಂತೆ ಕಾಣಲು ಇದೂ ಒಂದು ಕಾರಣ. ಹಾಗಾಗಿ 16 ಮಿ.ಮೀ. ಕಣ್ಣಿನಲ್ಲಿ 8ರ ವರ್ತುಲವಿದ್ದರೆ ಗೊಂಬೆ ದೊಡ್ಡವಳಾಗುತ್ತಾಳೆ, 10 ಇದ್ದರೆ ಕೂಸಾಗುತ್ತಾಳೆ. ವರ್ತುಲ ತೀರ ಚಿಕ್ಕದಾದರೆ ಬೆಚ್ಚಿಬಿದ್ದ ಮುಖ. ನನ್ನ ಮಟ್ಟಿಗೆ ಬಣ್ಣಕ್ಕಿಂತ ಈ ಎರಡು ಮಿ.ಮೀ. ದೊಡ್ಡದು.

ವರ್ತುಲವನ್ನು ಆಳದಲ್ಲಿಟ್ಟು ಮೇಲೆ ಪಾರದರ್ಶಕ ಗುಮ್ಮಟ ಕೂರಿಸಿದ್ದರೆ, ನೀವು ಕೋಣೆಯಲ್ಲಿ ಎಲ್ಲಿಗೆ ಹೋದರೂ ಗೊಂಬೆ ನಿಮ್ಮನ್ನೇ ನೋಡಿದಂತಿರುತ್ತದೆ!

ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಕ್ರಿಲಿಕ್ ಮೆತ್ತಗಾಗಲು ಸುಮಾರು 100 ಡಿಗ್ರಿ ಬೇಕು, ಅದರ ಚಿಂತೆಯಿಲ್ಲ. ಸಡಿಲುವುದು ಪುಟ್ಟಿ, ಬೆಳಿಗ್ಗೆ ನೇರ ನೋಡುತ್ತಿದ್ದವಳು ಸಂಜೆಗೆ ಓರೆ ನೋಡಬಹುದು. ಬಿಸಿಲಿಗೆ ಹಳದಿಯಾಗುವುದು ರೆಸಿನ್‌ನಿಂದ ಮಾಡಿದ ಮುಖ, ಕಣ್ಣಲ್ಲ. ಕಿಟಕಿಯಿಂದ ದೂರವಿಡಿ.

ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತ ಹಾರುವ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಅಕ್ರಿಲಿಕ್ ಗಾಜಿಗಿಂತ ಮೃದು. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಚಿತ. ಮೊದಲು ನೀರು ಹಾಯಿಸಿ, ಆಮೇಲೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಗುರುಬಣ್ಣ ತೆಗೆಯುವ ದ್ರವ, ಸ್ಪಿರಿಟ್ ಎರಡನ್ನೂ ಹತ್ತಿರ ತರಬೇಡಿ. ಹೊಳಪು ಹೋಗಿ ಬಿರುಕಿನ ಬಲೆ ಮೂಡುತ್ತದೆ.

ಕಣ್ಣಿಲ್ಲದ ರೂಪ ಪೂರ್ತಿಯಲ್ಲ ಎಂಬುದು ನಮಗೆ ಹೊಸದೇ? ದೇವರ ಮೂರ್ತಿ ಪ್ರತಿಷ್ಠೆಯಲ್ಲಿ ಬಂಗಾರದ ಸೂಜಿಯಿಂದ ಕಣ್ಣು ತೆರೆಸುವ ನೇತ್ರೋನ್ಮೀಲನವಿದೆ. ಕಣ್ಣುಬೇನೆ ಬಂದರೆ ಅಮ್ಮನಿಗೆ ಬೆಳ್ಳಿಕಣ್ಣಿನ ಹರಕೆ ಹೊರುತ್ತೇವೆ.

ಕಣ್ಣಿಗೆ ಬೆಳಕು ಎತ್ತಲಿಂದ ಬೀಳುತ್ತದೆ ಎಂಬುದೂ ಮುಖ್ಯ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿ ಕಥೆಯನ್ನೂ ತೊಗಲುಗೊಂಬೆಯಲ್ಲಿ ಆಡಿಸಿದವರು, 2023ರಲ್ಲಿ ತೀರಿಕೊಂಡರು. ತೊಗಲುಗೊಂಬೆಗೆ ದೀಪ ಹಿಂದಿನಿಂದ ಬರುತ್ತದೆ, ತೊಗಲಿನ ಮೂಲಕ ಹಾದು ಕಣ್ಣು ಬೆಳಗುತ್ತದೆ. ಅಕ್ರಿಲಿಕ್ ಕಣ್ಣಿಗೆ ಬೆಳಕು ಎದುರಿನಿಂದಲೇ ಬರಬೇಕು, ಅದಕ್ಕೂ ರೆಪ್ಪೆಯ ನೆರಳು ಅಡ್ಡ. ಅಂಗೈಯಲ್ಲಿ ಕಂದಾಗಿ ಕಂಡದ್ದು ಮುಖದಲ್ಲಿ ಕಪ್ಪಾಗುತ್ತದೆ. ನಮ್ಮೂರಿನ ಕಂದು ಕಣ್ಣು ಬೇಕೆಂದರೆ, ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾದ ಜೋಡಿ ಕೊಳ್ಳಿ.