ಎಲ್ಲ ಬೆನ್ನುನೋವೂ ಕುರ್ಚಿಯ ತಪ್ಪಲ್ಲ

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೆ ಬೆನ್ನುನೋವು ಹೊಸದಲ್ಲ. ಕುರ್ಚಿಯನ್ನೋ ಲೋಕಲ್ ಟ್ರೈನಿನ ನೂಕುನುಗ್ಗಲನ್ನೋ ದೂರಿ, ಮುಲಾಮು ಹಚ್ಚಿ ಸುಮ್ಮನಾಗುತ್ತೇವೆ. ಬಹಳಷ್ಟು ಸಲ ಅಷ್ಟೇ ಸಾಕು. ಆದರೆ ಮಲಗಿದರೂ ಬಿಡದೆ, ರಾತ್ರಿ ಹೆಚ್ಚಾಗಿ, ವಾರಗಟ್ಟಲೆ ಕಾಡುವ ನೋವಿನ ಜೊತೆ ಸಂಜೆಯ ಸಣ್ಣ ಜ್ವರ, ಬೆವರು, ತೂಕ ಇಳಿತ ಕಂಡರೆ ಬೆನ್ನುಮೂಳೆಯ ಕ್ಷಯವನ್ನೂ ನೆನೆಯಬೇಕು. ಎಷ್ಟೋ ಜನರಿಗೆ ಜ್ವರವೂ ಇರುವುದಿಲ್ಲ, ಬರೀ ನೋವು.

ಕ್ಷಯ ಎಂದರೆ ಕೆಮ್ಮು ಎಂದೇ ನಮ್ಮ ಲೆಕ್ಕ. ಆದರೆ ಆ ರೋಗಾಣು ರಕ್ತದ ಮೂಲಕ ಮೂಳೆಗೂ ಹೋಗುತ್ತದೆ. ಕ್ಷಯ ಬಂದ ನೂರು ಜನರಲ್ಲಿ ಸುಮಾರು ಒಬ್ಬಿಬ್ಬರಿಗೆ ಬೆನ್ನುಮೂಳೆಯಲ್ಲಿ ಕಾಣಿಸುತ್ತದೆ. ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ್ದರಿಂದ ‘ಪಾಟ್ಸ್ ಡಿಸೀಸ್’ ಎಂಬ ಹೆಸರು ಬಂತು.

ಪತ್ತೆ ತಡವಾಗಲು ಕಾರಣವಿದೆ. ಮೂಳೆ ಸಾಕಷ್ಟು ಸವೆದ ಮೇಲಷ್ಟೇ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಎಂಆರ್‌ಐ ಬೇಗ ತೋರಿಸುತ್ತದೆ, ಕೀವು ಎಲ್ಲಿದೆ, ನರಹುರಿ ಎಷ್ಟು ಒತ್ತಿಹೋಗಿದೆ ಎಂಬುದನ್ನೂ ಹೇಳುತ್ತದೆ. ಆದರೆ ಬೇರೆ ಸೋಂಕು, ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು. ಅದಕ್ಕೇ ಸಿ.ಟಿ. ಸ್ಕ್ಯಾನ್ ನೆರವಿನಿಂದ ಸೂಜಿ ಹಾಕಿ ಬಯಾಪ್ಸಿ ತೆಗೆಯುತ್ತಾರೆ. ಜೀನ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಕ್ಷಯದ ರೋಗಾಣುವನ್ನೂ, ಅದು ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂಬುದನ್ನೂ ಹೇಳಬಲ್ಲದು.

ಬೆನ್ನಿಗೆ ಆಪರೇಷನ್ ಎಂದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಆದರೆ ಹೆಚ್ಚಿನವರು ಮಾತ್ರೆಯಿಂದಲೇ ಗುಣವಾಗುತ್ತಾರೆ. ಮೊದಲು ಮಾತ್ರೆ, ಅಗತ್ಯ ಬಿದ್ದವರಿಗೆ ಮಾತ್ರ ಕತ್ತರಿ ಎಂಬ ‘ಮಧ್ಯಮ ಮಾರ್ಗ’ವನ್ನು 1975ರಲ್ಲಿ ಪ್ರಕಟಿಸಿದವರು ನಮ್ಮ ದೇಶದವರೇ ಆದ ಡಾ. ಎಸ್.ಎಂ. ತುಲಿ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮೂಳೆ ಕುಸಿದು ಗೂನಾಗುತ್ತಿದ್ದರೆ, ಔಷಧಿಗೆ ರೋಗ ಜಗ್ಗದಿದ್ದರೆ ಆಪರೇಷನ್ ಬೇಕಾಗುತ್ತದೆ. ಆಗ ಕೀವು, ಕೊಳೆತ ಮೂಳೆ ತೆಗೆದು ನರಹುರಿಯ ಒತ್ತಡ ಇಳಿಸುತ್ತಾರೆ. ಖಾಲಿ ಜಾಗಕ್ಕೆ ರೋಗಿಯದೇ ಮೂಳೆಯ ತುಂಡನ್ನೋ ಲೋಹದ ಕೇಜನ್ನೋ ಇಟ್ಟು, ಸ್ಕ್ರೂ, ಸರಳುಗಳಿಂದ ಬಿಗಿಯುತ್ತಾರೆ. ಆಪರೇಷನ್ ಆದರೂ ಮಾತ್ರೆ ತಪ್ಪುವುದಿಲ್ಲ.

ಮಾತ್ರೆಯ ಅವಧಿ ಸಾಮಾನ್ಯವಾಗಿ 12 ತಿಂಗಳು, ಕೆಲವರಿಗೆ 18. ನೋವು ಹೋಯಿತೆಂದು ಮಧ್ಯದಲ್ಲಿ ಬಿಟ್ಟರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಪುಣೆಯಲ್ಲಿ ಶುರುಮಾಡಿ ಊರಿಗೆ ಹೋಗಬೇಕಾದರೂ ತೊಂದರೆಯಿಲ್ಲ. ಸರ್ಕಾರ ಔಷಧಿಯನ್ನು ಉಚಿತವಾಗಿ ಕೊಡುತ್ತದೆ. ‘ನಿಕ್ಷಯ್’ ನೋಂದಣಿಯನ್ನು ಹುಬ್ಬಳ್ಳಿಗೋ ಉಡುಪಿಗೋ ವರ್ಗಾಯಿಸಿಕೊಳ್ಳಬಹುದು. ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ತಿಳಿಸಿ, ಫೈಲನ್ನೂ ಸ್ಕ್ಯಾನ್ ಪ್ರತಿಗಳನ್ನೂ ಜೊತೆಗೆ ಒಯ್ಯಿರಿ.

ಕಾಲು ಜೋಮು ಹಿಡಿದರೆ, ನಡಿಗೆ ತೊಡರಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಮಾತ್ರ ಮರುದಿನಕ್ಕೂ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.