ಬಾಲದ ಕೂದಲು ಹೇಳಿದ ಸತ್ಯ

ಮೂರು ವರ್ಷದ ಹಿಂದೆ 'ಅಸಲಿ ಗಿರ್' ಅಂತ ನಂಬಿ ಒಂದು ಹಸು ತಂದೆ. ಮಾಮೂಲಿ ರೇಟಿಗಿಂತ ಜಾಸ್ತಿನೇ ಕೊಟ್ಟಿದ್ದೆ. ಉಬ್ಬಿದ ಹಣೆ, ಜೋಲು ಕಿವಿ ನೋಡಿದ್ರೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಅದರ ಹೋರಿಗರುವನ್ನು ಬೀಜದ ಹೋರಿ ಮಾಡ್ತೀವಿ, ಕೊಡಿ ಅಂತ ಪಕ್ಕದೂರಿನವರು ಕೇಳ್ತಿದ್ದರು. ಅಷ್ಟರಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ತಂಡವೊಂದು ನಮ್ಮೂರಿಗೆ ಬಂತು.

ತಾಯಿ, ಕರು ಎರಡರದ್ದೂ ಬಾಲದ ಕೂದಲು ಕೇಳಿದರು. ನಾನು ಕತ್ತರಿ ತರೋಕೆ ಹೋದೆ. "ಕತ್ತರಿಸಬೇಡಿ, ಬುಡ ಸಮೇತ ಕಿತ್ತು ಕೊಡಿ. ನಮಗೆ ಬೇಕಾದ ಡಿಎನ್‌ಎ ಸಿಗೋದು ಬುಡದಲ್ಲೇ" ಅಂದರು. ಒಣ ಕಾಗದದ ಕವರಿಗೆ ಹಾಕಿ, ಮೇಲೆ ಇಯರ್ ಟ್ಯಾಗ್ ನಂಬರ್ ಬರೆದುಕೊಂಡರು.

ಚಿಪ್ ಹೇಗೆ ಕೆಲಸ ಮಾಡುತ್ತೆ?

ದನದ ಡಿಎನ್‌ಎಯಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಚಿಪ್ ಅಷ್ಟನ್ನೂ ಓದಲ್ಲ. ದನದಿಂದ ದನಕ್ಕೆ ಬದಲಾಗುವ, ಆಯ್ದ ಜಾಗಗಳನ್ನಷ್ಟೇ ನೋಡುತ್ತೆ. ಗಾಜಿನ ಸ್ಲೈಡಿನಂಥ ಚಿಪ್ ಮೇಲೆ ಡಿಎನ್‌ಎಯ ಚಿಕ್ಕ ತುಣುಕುಗಳನ್ನು ಮೊದಲೇ ಕೂರಿಸಿರ್ತಾರೆ. ನಮ್ಮ ಹಸುವಿನ ಡಿಎನ್‌ಎ ತುಂಡು ಮಾಡಿ ಅದರ ಮೇಲೆ ಹಾಕಿದಾಗ, ಜೋಡಿ ಸಿಕ್ಕ ಕಡೆ ಅಂಟಿಕೊಳ್ಳುತ್ತೆ. ಅಲ್ಲಿ ಹೊಳೆಯುವ ಬಣ್ಣವನ್ನು ಸ್ಕ್ಯಾನರ್ ಓದುತ್ತೆ.

ಹೆಚ್ಚು ಸಾಂದ್ರತೆಯ ವಿದೇಶಿ ಚಿಪ್‌ನಲ್ಲಿ 7.77 ಲಕ್ಷ ಗುರುತುಗಳಿವೆ. ನಮ್ಮ ದೇಶಿ ತಳಿಗಳಿಗೆ ಅಂತಲೇ ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ 11,496 ಗುರುತುಗಳ 'ಇಂಡಿಗೌ' ಚಿಪ್ ರೂಪಿಸಿತು. ಅದು 2021ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. 2024ರ ಅಕ್ಟೋಬರ್‌ನಲ್ಲಿ ದನಕ್ಕೆ 'ಗೌ ಚಿಪ್', ಎಮ್ಮೆಗೆ 'ಮಹಿಷ್ ಚಿಪ್' ಬಂದವು.

ಬಂದ ಉತ್ತರ

ನನ್ನ ಹಸುವಿನಲ್ಲಿ ಎಚ್‌ಎಫ್ ಬೆರಕೆ ಇತ್ತು, ಕರುವಿನಲ್ಲೂ ಇತ್ತು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಯಾರಿಗೂ ಹೇಳದಿದ್ರೆ ಕರು ಒಳ್ಳೆ ದುಡ್ಡಿಗೆ ಹೋಗ್ತಿತ್ತು. ಆದ್ರೆ ಒಂದು ಬೀಜದ ಹೋರಿ ಅಂದ್ರೆ ಇಡೀ ಊರಿನ ಕರುಗಳು. ಬೆಳಿಗ್ಗೆ ಫೋನ್ ಮಾಡಿ ಇದ್ದಿದ್ದು ಇದ್ದಂಗೆ ಹೇಳ್ದೆ. ಅವರು ಬೇಡ ಅಂದರು.

"ಹೋಗ್ಲಿ ಸರ್, ಹಾಲು ಹೆಂಗೆ ಬರುತ್ತೆ ಅಂತಾನಾದ್ರೂ ಚಿಪ್ ಹೇಳುತ್ತಾ?" ಅಂತ ವಿಜ್ಞಾನಿಗಳನ್ನ ಕೇಳಿದೆ. ಅವರು ಹಾಲಿನ ಲೆಕ್ಕ ಕೇಳಿದರು. ಅಮ್ಮ ಡೈರಿ ಪುಸ್ತಕ ತಂದು ಕೊಟ್ಟರು. "ಇದು ಮೂರೂ ಹಸುಗಳ ಲೆಕ್ಕ. ಒಂದೊಂದರದ್ದು ಎಲ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾವ ಗುರುತಿದ್ದರೆ ಹಾಲು ಜಾಸ್ತಿ ಅನ್ನೋದು ಚಿಪ್‌ಗೆ ತಾನಾಗೇ ಗೊತ್ತಾಗಲ್ಲ. ಸಾವಿರಾರು ದನಗಳ ದಾಖಲೆ ಜೊತೆ ಹೋಲಿಸಿಯೇ ಕಂಡುಹಿಡಿಯಬೇಕು. ಅಮೆರಿಕದಲ್ಲಿ 2009ರಿಂದಲೇ ಹೋಲ್‌ಸ್ಟೀನ್ ಹೋರಿಗಳನ್ನು ಹೀಗೆ ಆರಿಸ್ತಿದ್ದಾರೆ. ಅವರ ಹತ್ತಿರ ಎಷ್ಟೋ ದಶಕಗಳ ಹಾಲಿನ ಲೆಕ್ಕ ಇತ್ತು.

ಈಗ ನಾನು ಮಾಡೋದು

- ತಿಂಗಳಿಗೊಂದು ದಿನ, ಎರಡೂ ಹೊತ್ತು, ಪ್ರತಿ ಹಸುವಿನ ಹಾಲು ಬೇರೆ ಬೇರೆ ತೂಗ್ತೀನಿ.
- ಇಯರ್ ಟ್ಯಾಗ್ ನಂಬರ್ ಜೊತೆ ಮೊಬೈಲ್‌ನಲ್ಲಿ ಬರೆದಿಡ್ತೀನಿ.
- ಇಂಜೆಕ್ಷನ್ ಕೊಡಿಸಿದ ದಿನ ವೀರ್ಯದ ಕಡ್ಡಿಯ ಮೇಲಿನ ಹೋರಿ ನಂಬರ್ ಫೋಟೋ ತೆಗೀತೀನಿ.
- ಕರು ಹಾಕಿದ ತಾರೀಖು ಬರೀತೀನಿ.

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮೂರಿಗೂ ಇಂಥ ತಂಡ ಬಂದೀತು. ಬಂದಾಗ ಕೂದಲು ಎಲ್ಲರೂ ಕೊಡಬಹುದು, ಲೆಕ್ಕ ಇಟ್ಟವರು ಮಾತ್ರ ಲೆಕ್ಕ ಕೊಡಬಹುದು. ಇವತ್ತು ಸಂಜೆ ಹಾಲು ಕರೆಯುವಾಗಲೇ ಶುರು ಮಾಡಿ.